ಚಿಕ್ಕ ಮೂಗಿನ ದನಿ

ಡೇರಿಯಲ್ಲಿ ಅವನನ್ನು ಎಲ್ಲರೂ ಚಿಕ್ಕ ಮೂಗು ಎಂದೇ ಕರೆಯುತ್ತಿದ್ದರು. ಮೂಗೇನೂ ಚಿಕ್ಕದಲ್ಲ. ಹುಬ್ಬುಗಳ ನಡುವಿನಿಂದ ಹೊರಟು ಮೇಲ್ತುಟಿಗೆ ನೆರಳು ಕೊಡುವಷ್ಟು ಧಾರಾಳವಾಗಿತ್ತು. ಆದರೆ ಅದೇ ಡೇರಿಯ ಅದೇ ಕಟ್ಟೆಯ ಮೇಲೆ ಅವನ ಅಪ್ಪ ಅಂಥದ್ದೇ ಮೂಗು ಹೊತ್ತುಕೊಂಡು ಜೀವಮಾನವೆಲ್ಲ ಹಾಲು ಮೂಸಿದ್ದರು. ಅವರು ದೊಡ್ಡ ಮೂಗು. ಅವರು ತೀರಿಕೊಂಡ ಮೇಲೆ ಮಗ ಬಂದು ಆ ಜಾಗದಲ್ಲಿ ನಿಂತಾಗ ಬೇರೆ ಹೆಸರು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ.

ಹಾಲು ಮೂಸುವುದೂ ಒಂದು ಕೆಲಸ ಎಂದರೆ ನಂಬದವರುಂಟು. ಬೆಳಿಗ್ಗೆ ಲಾರಿಗಳು ಬಂದು ಕಟ್ಟೆಗೆ ಬೆನ್ನು ಕೊಟ್ಟು ನಿಲ್ಲುತ್ತವೆ. ಕ್ಯಾನುಗಳು ಉರುಳೆಗಳ ಮೇಲೆ ಸಾಲಾಗಿ ಜಾರಿ ಬರುತ್ತವೆ. ಮರದ ಸುತ್ತಿಗೆಯಿಂದ ಮುಚ್ಚಳಕ್ಕೊಂದು ಏಟು, ಮುಚ್ಚಳ ಎತ್ತಿದೊಡನೆ ಬಗ್ಗಿ ಒಂದು ಉಸಿರು. ಚೆನ್ನಾಗಿದ್ದರೆ ಮುಂದಕ್ಕೆ, ದೊಡ್ಡ ಟ್ಯಾಂಕಿಗೆ. ಹುಳಿಯೋ, ತೊಳೆಯದ ಕ್ಯಾನಿನ ಕಮಟೋ, ಕೊಟ್ಟಿಗೆಯ ನಾತವೋ ಬಂದರೆ ಸೀಮೆಸುಣ್ಣದ ಗೀಟು ಎಳೆದು ಪಕ್ಕಕ್ಕೆ, ಲ್ಯಾಬಿಗೆ. ಲ್ಯಾಬಿನವರು ಎಲ್ಲ ಕ್ಯಾನುಗಳನ್ನೂ ಪರೀಕ್ಷೆ ಮಾಡುತ್ತ ಕೂತರೆ ಹೊತ್ತು ಮುಳುಗಿದರೂ ಹಾಲು ಒಳಗೆ ಹೋಗುವುದಿಲ್ಲ. ಆದ್ದರಿಂದ ಮೊದಲ ತೀರ್ಪು ಮೂಗಿನದೇ.

ಇಂಥ ಕೆಲಸದಲ್ಲಿದ್ದ ಚಿಕ್ಕ ಮೂಗಿಗೆ ವಾಸನೆ ಎಂದರೇನೆಂದು ಹುಟ್ಟಿದಾಗಿನಿಂದಲೂ ಗೊತ್ತಿರಲಿಲ್ಲ. ಎಳ್ಳಷ್ಟೂ ಗೊತ್ತಿರಲಿಲ್ಲ. ಕ್ಯಾನಿನ ಬಾಯಿಗೆ ಬಗ್ಗಿ ಉಸಿರೆಳೆದರೆ ಅವನಿಗೆ ಸಿಗುತ್ತಿದ್ದದ್ದು ತಣ್ಣನೆಯ ಗಾಳಿ ಮಾತ್ರ.

ಹಾಗಾದರೆ ಕೆಲಸ ಹೇಗೆ ನಡೆಯುತ್ತಿತ್ತು? ಕಣ್ಣಿನಿಂದ. ಮುಚ್ಚಳದ ಒಳಮೈಯಲ್ಲಿ ಒಣಗಿದ ಪೊರೆ ಇದೆಯೇ, ನೊರೆ ಬೇಗ ಒಡೆಯುತ್ತಿದೆಯೇ, ಕ್ಯಾನು ಅಲ್ಲಾಡಿದಾಗ ಹಾಲು ಅಂಚಿಗೆ ಎಷ್ಟು ಅಂಟುತ್ತದೆ, ಇವನ್ನೆಲ್ಲ ನೋಡಿ ಅಂದಾಜು ಕಟ್ಟುತ್ತಿದ್ದ. ಉಳಿದದ್ದಕ್ಕೆ ಎದುರು ಸಾಲಿನಲ್ಲಿ ಗುಂಡಣ್ಣ ಇದ್ದ. ಗುಂಡಣ್ಣನದು ಏನನ್ನೂ ಬಚ್ಚಿಡಲಾರದ ದುಂಡು ಮುಖ. ಈ ಸಾಲಿನಲ್ಲಿ ಕೆಟ್ಟ ಕ್ಯಾನು ತೆರೆದರೂ ಆ ಸಾಲಿನಲ್ಲಿ ಅವನು ಮೂಗು ಮುರಿಯುತ್ತಿದ್ದ. ಚಿಕ್ಕ ಮೂಗಿನ ಒಂದು ಕಣ್ಣು ಹಾಲಿನ ಮೇಲಿದ್ದರೆ ಇನ್ನೊಂದು ಕಣ್ಣು ಸದಾ ಆ ಮುಖದ ಮೇಲೆ.

ಈ ವಿದ್ಯೆ ಅವನಿಗೆ ಬಾಲ್ಯದಲ್ಲೇ ಬಂದದ್ದು. ಊಟಕ್ಕೆ ಕೂತಾಗ ಅಪ್ಪ ಒಂದು ಚಮಚ ಏನನ್ನಾದರೂ ಅವನ ಮೂಗಿನ ಕೆಳಗೆ ಹಿಡಿದು ಇದೇನು ಹೇಳು ನೋಡೋಣ ಎನ್ನುತ್ತಿದ್ದರು. ಒಂದೇ ಒಂದು ಸಲ ಅವನು ಏನೂ ಬರುತ್ತಿಲ್ಲ ಎಂದು ನಿಜ ಹೇಳಿದ. ಅಪ್ಪನ ಮುಖ ಬಾಡಿಹೋಯಿತು. ಅದನ್ನು ನೋಡಲಾಗದೆ ಮುಂದಿನ ಸಲದಿಂದ ಅವನು ಚಮಚ ಬಿಟ್ಟು ಅಪ್ಪನ ಹುಬ್ಬು ನೋಡುತ್ತ ಹೆಸರಿನ ಮೊದಲ ಅಕ್ಷರ ಎಳೆದು, ಹುಬ್ಬು ಏರಿದರೆ ಪೂರ್ತಿ ಹೇಳತೊಡಗಿದ. ಬಹುಪಾಲು ಸರಿಯಾಗಿಯೇ ಹೇಳುತ್ತಿದ್ದ. ತನ್ನ ಮೂಗು ಮಗನಿಗೆ ಬಂದಿದೆ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದರು.

ಹುಡುಗ ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದಿದ್ದ. ವಾಸನೆ ಎಂಬುದು ಯಾರಿಗೂ ಬರುವುದಿಲ್ಲ. ನೆಂಟರು ಬಂದಾಗ ನಗುವ ಹಾಗೆ, ಅದೂ ದೊಡ್ಡವರು ಮರ್ಯಾದೆಗೆ ಆಡುವ ನಾಟಕ. ಎಲ್ಲರೂ ಆಡುತ್ತಾರೆ, ತಾನೂ ಆಡುತ್ತೇನೆ. ಅವನ ತರ್ಕದಲ್ಲಿ ತಪ್ಪೇನಿದೆ ಹೇಳಿ. ಇಲ್ಲದಿರುವುದನ್ನು ಇಲ್ಲ ಎಂದು ತಿಳಿಯಲು ಒಮ್ಮೆಯಾದರೂ ಅದು ಇದ್ದಿರಬೇಕಲ್ಲ.

ಮುಂದೆ ಜೊತೆಯ ಹುಡುಗರಿಗೆ ಮೀಸೆ ಚಿಗುರಿತು, ಗಂಟಲು ಒಡೆಯಿತು. ಅವರು ಗೋಡೆಯ ಮರೆಯಲ್ಲಿ ನಿಂತು ಹುಡುಗಿಯರ ವಿಷಯ ಪಿಸುಗುಟ್ಟುತ್ತಿದ್ದರು. ಅವರು ನಕ್ಕಾಗ ಇವನೂ ನಕ್ಕ. ಇದೂ ಆ ವಾಸನೆಯ ಥರದ್ದೇ ಇನ್ನೊಂದು ನಾಟಕ ಎಂದುಕೊಂಡ. ಉದ್ದಕ್ಕೇನೋ ಬೆಳೆದ, ಕೈಕಾಲು ಎಷ್ಟು ನೀಳವಾದವೆಂದರೆ ಯಾವ ಅಂಗಡಿಯ ಅಂಗಿಯ ತೋಳೂ ಮಣಿಕಟ್ಟು ಮುಟ್ಟುತ್ತಿರಲಿಲ್ಲ. ಆದರೆ ಕೆನ್ನೆ ನುಣುಪಾಗಿಯೇ ಉಳಿಯಿತು, ದನಿ ಎಳೆಯದಾಗಿಯೇ ಉಳಿಯಿತು. ಕೆಲವರಿಗೆ ತಡ ಎಂದರು ಹಿರಿಯರು, ಆಮೇಲೆ ಎಲ್ಲರೂ ಮರೆತರು. ಕೆಲಸಕ್ಕೆ ಸೇರಿದ ಮೇಲೆ ಅವನು ವಾರಕ್ಕೊಮ್ಮೆ ಕನ್ನಡಿಯ ಮುಂದೆ ಮುಖಕ್ಕೆಲ್ಲ ಸೋಪು ಬಳಿದು ಗಂಭೀರವಾಗಿ ಕ್ಷೌರ ಮಾಡಿಕೊಳ್ಳುತ್ತಿದ್ದ. ಆ ಬ್ಲೇಡು ಮೊಂಡಾಗುತ್ತಲೇ ಇರಲಿಲ್ಲ.

ಅವನ ಎಳವೆಯಲ್ಲೇ ತಾಯಿ ತೀರಿಕೊಂಡಿದ್ದರಿಂದ ಸಾಕಿದವಳು ದೊಡ್ಡಮ್ಮ, ತಾಯಿಯ ಅಕ್ಕ. ಹೆಣ್ಣು ಹುಡುಕಿ ಮದುವೆ ಮಾಡಿಸಿದವಳೂ ಅವಳೇ. ಹೆಂಡತಿ ಒಂದು ಲಾಂಡ್ರಿಯಲ್ಲಿ ಬಟ್ಟೆ ವಿಂಗಡಿಸಿ ಇಸ್ತ್ರಿ ಮಾಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಒಂದು ದಿನ ಅವನ ಪಕ್ಕದಲ್ಲೇ ಒಲೆಯ ಮೇಲಿದ್ದ ಬೇಳೆ ತಳ ಹಿಡಿದು ಕರಿಯಾಯಿತು. ಅವನು ಹಾಯಾಗಿ ಪೇಪರು ಓದುತ್ತಿದ್ದ. ಬೀದಿಯವರೆಗೂ ಸೀದ ವಾಸನೆ ಬರುತ್ತಿದೆ, ನಿಮ್ಮ ಮೂಗು ಎಲ್ಲಿಟ್ಟಿದ್ದಿರಿ ಎಂದು ಅವಳು ಕೇಳಿದಾಗ, ಅಪ್ಪನಿಗೆ ಹೇಳಿ ಕೈಸುಟ್ಟುಕೊಂಡಿದ್ದ ನಿಜವನ್ನು ಎರಡನೆಯ ಸಲ ಬಾಯಿಬಿಟ್ಟು ಹೇಳಿದ.

ಅವಳು ನಗಲಿಲ್ಲ. ಅವಳಿಗೆ ಕುತೂಹಲವಾಯಿತು. ಸೋಪು, ಗಂಜಿ ಹಾಕಿದ ಬಟ್ಟೆ, ಹೊಸ ಚಪ್ಪಲಿ ಎಲ್ಲವನ್ನೂ ಅವನ ಮೂಗಿಗೆ ಹಿಡಿದು ಪರೀಕ್ಷೆ ಮಾಡಿ ನಿಜವೆಂದು ಖಚಿತಪಡಿಸಿಕೊಂಡಳು. ಆಮೇಲೆ ಅವನಿಗೆ ವಾಸನೆಗಳನ್ನು ಅರ್ಥಮಾಡಿಸುವುದೇ ಇಬ್ಬರಿಗೂ ಒಂದು ಆಟವಾಯಿತು.

"ನಿಂಬೆಹಣ್ಣು ಅಂದ್ರೆ ಮುಖಕ್ಕೆ ತಣ್ಣೀರು ಎರಚಿದ ಹಾಗೆ," ಎನ್ನುತ್ತಿದ್ದಳು. "ಬೆವರು ಅಂದ್ರೆ ಯಾರೋ ತೀರಾ ಹತ್ತಿರ ಬಂದು ನಿಂತ ಹಾಗೆ."

ಇಷ್ಟು ಸಲಿಗೆಯಿದ್ದ ಗಂಡ ಹೆಂಡತಿ ಒಂದು ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅವನು ಅವಳ ಪಕ್ಕದಲ್ಲಿ ಮಲಗಿ, ಅವಳ ಕೈ ಹಿಡಿದು, ಸಂತೋಷವಾಗಿ ನಿದ್ದೆ ಹೋಗುತ್ತಿದ್ದ. ಉಳಿದದ್ದು ಅಪರೂಪಕ್ಕೊಮ್ಮೆ, ಕರ್ತವ್ಯದಂತೆ, ಅರೆಬರೆ. ಎಲ್ಲ ಮನೆಯಲ್ಲೂ ಹೀಗೇ ಎಂದು ಅವನು ನಂಬಿದ್ದ. ತನ್ನಲ್ಲೇ ಏನೋ ಕೊರತೆಯಿರಬೇಕು ಎಂದು ಅವಳು ನಂಬಿದ್ದಳು. ಮಕ್ಕಳಾಗಲಿಲ್ಲ. ಅವಳೊಬ್ಬಳೇ ಆಸ್ಪತ್ರೆಗಳಿಗೆ ಹೋದಳು, ಎಲ್ಲ ಪರೀಕ್ಷೆ ಮಾಡಿಸಿಕೊಂಡಳು, ಏನೂ ತೊಂದರೆಯಿಲ್ಲ ಎನಿಸಿಕೊಂಡು ಬಂದಳು. ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಡಾಕ್ಟರು ಕೇಳಿದಾಗ ನಾಚಿಕೆಯಿಂದ ಹೌದು ಎಂದಿದ್ದಳು. ಅವನನ್ನು ಕರೆತರಲು ಯಾರೂ ಹೇಳಲಿಲ್ಲ.

ಇನ್ನು ಫೋನಿನ ವಿಷಯ. ಮನೆಯ ಗೋಡೆಗೆ ಒಂದು ಹಳೆಯ ಫೋನಿತ್ತು, ಭಾನುವಾರ ಬೆಳಿಗ್ಗೆ ಅದರಲ್ಲಿ ದೊಡ್ಡಮ್ಮ ಬರುತ್ತಿದ್ದಳು. ಅವಳಿರುವುದು ಬೇರೆ ಊರಿನಲ್ಲಿ, ಕಿವಿ ಸ್ವಲ್ಪ ಮಂದ. ಇವನೇ ಫೋನು ಮಾಡಿದಾಗಲೆಲ್ಲ ಮೊದಲಿಗೆ ನಾನು ನಿಮ್ಮ ಮಗ ಎನ್ನುತ್ತಿದ್ದ, ಗೊಂದಲವಿರಲಿಲ್ಲ. ಅವಳೇ ಮಾಡಿದಾಗ ಇತ್ತ ಸಣ್ಣ ದನಿಯೊಂದು ಹಲೋ ಎಂದರೆ ಸೊಸೆಯೇ ಎಂದುಕೊಂಡು ಶುರುಮಾಡಿಬಿಡುತ್ತಿದ್ದಳು. ಏನಮ್ಮ, ಏನಾದರೂ ವಿಶೇಷ ಇದೆಯಾ? ಇಲ್ಲವಾ? ಈ ತಿಂಗಳೂ ಇಲ್ಲವಾ? ಆ ಲಾಂಡ್ರಿಯಲ್ಲಿ ಇಡೀ ದಿನ ನಿಂತರೆ ಮಕ್ಕಳು ಎಲ್ಲಿಂದ ಆಗಬೇಕು?

ಮೊದಲ ಸಲ ಅವನು ನಾಚಿಕೆಯಿಂದ ಸುಮ್ಮನಿದ್ದ. ಆಮೇಲೆ ಬೇಕೆಂದೇ ಸುಮ್ಮನಿದ್ದ. ಈ ಮಾತು ತನ್ನ ಕಿವಿಗೆ ಬಿದ್ದರೆ ಹೆಂಡತಿಯ ಕಿವಿಗೆ ಬೀಳುವುದು ತಪ್ಪುತ್ತದಲ್ಲ ಎಂದು ಲೆಕ್ಕ ಹಾಕಿ, ಭಾನುವಾರ ಫೋನು ಕೂಗಿದರೆ ಅವನೇ ಓಡಿಹೋಗಿ ಎತ್ತಿಕೊಂಡು, ಹೆಂಡತಿಯ ಹೆಸರಿನಲ್ಲಿ ಹೂಂ ಹೂಂ ಎಂದು ಇಟ್ಟುಬಿಡುತ್ತಿದ್ದ. ಯಾರೆಂದು ಅವಳು ಕೇಳಿದರೆ ದೊಡ್ಡಮ್ಮ ನಿನ್ನನ್ನು ಕೇಳಿದರು ಎನ್ನುತ್ತಿದ್ದ. ಅದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಹೇಡಿತನವೂ ಅದೇ ಚಪ್ಪಲಿ ಮೆಟ್ಟಿಕೊಂಡು ಓಡಾಡುತ್ತದೆ.

ಒಂದು ಭಾನುವಾರ ದೊಡ್ಡಮ್ಮ ಹೊಸ ಸುದ್ದಿ ತಂದಳು. ತನ್ನೂರಿನ ಆಸ್ಪತ್ರೆಯಲ್ಲಿ ಮಾತಾಡಿದ್ದಾಳೆ. ಹೊಟ್ಟೆ ಕೊಯ್ದು ಒಳಗೆ ನೋಡಿದರೆ ಎಲ್ಲ ಗೊತ್ತಾಗುತ್ತದಂತೆ. ಮುಂದಿನ ತಿಂಗಳು ಜಾಗ ಇದೆ. ಬಾಣಂತಿಯಂತೆ ತಾನೇ ನೋಡಿಕೊಳ್ಳುತ್ತಾಳೆ, ಭಯ ಬೇಡ.

"ಹೂಂ ಅನ್ನಮ್ಮ. ನಾಳೆ ಹೋಗಿ ಹೆಸರು ಬರೆಸ್ತೀನಿ."

ಅವನು ಅಭ್ಯಾಸಬಲದಿಂದ ಹೂಂ ಎಂದ. ಫೋನು ಇಟ್ಟ ಮೇಲೆ ತಾನು ಯಾವುದಕ್ಕೆ ಒಪ್ಪಿದೆ ಎಂಬುದು ತಲೆಗೆ ಹೋಯಿತು. ಹಿತ್ತಲಲ್ಲಿ ಹೆಂಡತಿ ಬಟ್ಟೆ ಹಿಂಡುತ್ತ ಏನೋ ಗುನುಗುತ್ತಿದ್ದಳು. ಹೇಳಬೇಕೆಂದು ಬಾಗಿಲವರೆಗೆ ಹೋದ, ಹೇಳದೆ ವಾಪಸು ಬಂದ.

ಆ ಭಯದಲ್ಲಿ ಅವನು ಒದ್ದಾಡುತ್ತಿದ್ದ ದಿನಗಳಲ್ಲೇ ಗುಂಡಣ್ಣ ಕಾಲು ಉಳುಕಿಸಿಕೊಂಡು ರಜೆ ಹಾಕಿದ. ಎದುರು ಸಾಲಿಗೆ ಬಂದವನದು ಕಲ್ಲಿನಂಥ ಮುಖ. ಅವತ್ತು ಒಂದು ಲಾರಿಯಲ್ಲಿ ಯಾರದೋ ಅಜಾಗರೂಕತೆಯಿಂದ ಸೀಮೆಎಣ್ಣೆ ಸೋಕಿದ ಕ್ಯಾನೊಂದು ಬಂತು. ನೋಡಲು ಬೆಳ್ಳಗೆ, ನೊರೆ ನೊರೆಯಾಗಿ, ಹೆಚ್ಚುಕಡಿಮೆ ಅತ್ಯುತ್ತಮ ಹಾಲು. ಚಿಕ್ಕ ಮೂಗು ಬಗ್ಗಿ ಉಸಿರೆಳೆದು ಅದನ್ನು ಮುಂದಕ್ಕೆ ಬಿಟ್ಟ. ಟ್ಯಾಂಕಿನ ಹತ್ತಿರ ಇದ್ದವರು ಮೂಗು ಮುಚ್ಚಿಕೊಂಡು ಕೂಗುವ ಹೊತ್ತಿಗೆ ಇಡೀ ಟ್ಯಾಂಕು ಕೆಟ್ಟಿತ್ತು. ಅಷ್ಟೂ ಹಾಲನ್ನು ಮೋರಿಗೆ ಬಿಡಬೇಕಾಯಿತು. ದೊಡ್ಡ ಮೂಗಿನ ಮಗ ಸೀಮೆಎಣ್ಣೆ ಬಿಟ್ಟನೇ ಎಂದು ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಮೇಲ್ವಿಚಾರಕರು ಬೈಯುವುದನ್ನೂ ಮರೆತು, ಮೂಗಿಗೆ ಏನೋ ಆಗಿದೆ, ಮೊದಲು ತೋರಿಸಿಕೊಂಡು ಬಾ ಎಂದು ಆಸ್ಪತ್ರೆಗೆ ಕಳಿಸಿದರು.

ಆಸ್ಪತ್ರೆಯ ಡಾಕ್ಟರಮ್ಮ ನರೆಗೂದಲಿನ, ಅವಸರವಿಲ್ಲದ ಹೆಂಗಸು. ಪುಟ್ಟ ಪುಟ್ಟ ಸೀಸೆಗಳನ್ನು ಒಂದೊಂದಾಗಿ ತೆರೆದು ಅವನಿಗೆ ಹಿಡಿದರು. ಅವನು ಅಪ್ಪನ ಕಾಲದ ವಿದ್ಯೆ ಪ್ರಯೋಗಿಸಿ, ಅವರ ಮುಖ ನೋಡುತ್ತ ಲವಂಗ, ಕಾಫಿ ಎಂದ. ಎರಡೂ ಸರಿ. ಅವರು ಅವನ ಕಣ್ಣು ಎಲ್ಲಿದೆ ಎಂದು ಗಮನಿಸಿದರು. ಮುಂದಿನ ಸೀಸೆ ಹಿಡಿದು ಸುಮ್ಮನೆ ಕಿಟಕಿಯತ್ತ ಮುಖ ತಿರುಗಿಸಿದರು. ಅವನ ಬಾಯಿ ಕಟ್ಟಿತು.

"ಯಾವಾಗಿನಿಂದ?" ಎಂದರು.

"ಯಾವಾಗಲೂ ಇರಲಿಲ್ಲ ಮೇಡಂ."

ಡಾಕ್ಟರಮ್ಮ ಅವನನ್ನು ಹೊಸಬನನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದರು. ಮಣಿಕಟ್ಟು ಮುಟ್ಟದ ಅಂಗಿಯ ತೋಳು, ನುಣುಪಾದ ಗದ್ದ. ಗಡ್ಡ ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ ಎಂದರು. ವಾರಕ್ಕೊಮ್ಮೆ ಎಂದ.

"ತೆಗೆಯೋದಕ್ಕೆ ಏನಾದ್ರೂ ಇರುತ್ತಾ?"

ಅಲ್ಲಿಯವರೆಗೆ ಯಾರೂ ಕೇಳಿರದ ಪ್ರಶ್ನೆ ಅದು. ಅವನು ನೆಲ ನೋಡುತ್ತ ಇಲ್ಲ ಎಂದ. ಆಮೇಲೆ ಅವರು ಇನ್ನೂ ಹಲವು ಪ್ರಶ್ನೆ ಕೇಳಿದರು, ದೇಹವನ್ನೂ ಪರೀಕ್ಷಿಸಿದರು. ಅವನಿಗೆ ಸಂಕೋಚದ ಜೊತೆಗೆ ವಿಚಿತ್ರ ಹಗುರವೂ ಆಯಿತು. ರಕ್ತ ತೆಗೆದರು, ತಲೆಯ ಸ್ಕ್ಯಾನಿಗೂ ಬರೆದುಕೊಟ್ಟರು.

ಫಲಿತಾಂಶ ಬಂದ ದಿನ ಅವರು ಬಿಡಿಸಿ ಹೇಳಿದ್ದು ಇಷ್ಟು. ಮಿದುಳಿನ ಅಡಿಯಲ್ಲಿ, ಮೂಗಿನ ಹಿಂದಿನ ಆಳದಲ್ಲಿ, ಕಡಲೆಕಾಳಿನಷ್ಟು ದೊಡ್ಡದೊಂದು ಗ್ರಂಥಿಯಿದೆ. ಅದರ ಹೆಸರು ಪಿಟ್ಯುಟರಿ. ಹುಡುಗ ಗಂಡಸಾಗುವ ಕಾಲ ಬಂದಾಗ ಅದು ಎರಡು ಹಾರ್ಮೋನುಗಳನ್ನು ರಕ್ತದಲ್ಲಿ ಕಳಿಸುತ್ತದೆ. ಅವು ಕೆಳಗೆ ವೃಷಣಗಳಿಗೆ ಹೋಗಿ ಕೆಲಸ ಶುರುಮಾಡಿ ಎನ್ನುತ್ತವೆ. ಆಗ ಗಂಡಸಿನ ಹಾರ್ಮೋನು ತಯಾರಾಗುತ್ತದೆ, ಗಡ್ಡ, ದನಿ, ಆಸೆ, ವೀರ್ಯ ಎಲ್ಲ ಅದರ ಹಿಂದೆ ಬರುತ್ತವೆ. ಅವನ ರಕ್ತದಲ್ಲಿ ಗಂಡಸಿನ ಹಾರ್ಮೋನು ತೀರಾ ಕಡಿಮೆ. ವೃಷಣಗಳೇ ಕೆಟ್ಟಿದ್ದರೆ ಪಿಟ್ಯುಟರಿ ಸುಮ್ಮನಿರುತ್ತಿರಲಿಲ್ಲ, ಕೂಗಿ ಕೂಗಿ ತನ್ನ ಹಾರ್ಮೋನುಗಳನ್ನು ರಾಶಿ ಸುರಿಯುತ್ತಿತ್ತು. ಅವೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂದರೆ ಕೆಳಗಿನವರು ಕೆಲಸ ಬಾರದವರಲ್ಲ. ಮೇಲಿನಿಂದ ಯಾರೂ ಕರೆದೇ ಇಲ್ಲ.

"ಶಿಫ್ಟಿನ ಸೈರನ್ ಊದಲೇ ಇಲ್ಲ ಅನ್ನಿ," ಎಂದ ಚಿಕ್ಕ ಮೂಗು.

ಡಾಕ್ಟರಮ್ಮ ನಕ್ಕು ಹೌದೆಂದರು. ಆದರೆ ಪಿಟ್ಯುಟರಿಯ ತಪ್ಪೂ ಅಲ್ಲ ಎಂದರು. ಅದಕ್ಕೂ ಅಪ್ಪಣೆ ಕೊಡುವ ಕೆಲವು ಜೀವಕೋಶಗಳು ಮಿದುಳಿನಲ್ಲಿರಬೇಕು. ತಮಾಷೆಯೆಂದರೆ ಆ ಜೀವಕೋಶಗಳು ಹುಟ್ಟುವುದು ಮಿದುಳಿನಲ್ಲಲ್ಲ, ಮೂಗಿನಲ್ಲಿ. ಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವು ವಾಸನೆಯ ನರದ ದಾರಿ ಹಿಡಿದು ಮೇಲಕ್ಕೆ ಹೋಗುತ್ತವೆ. ಅವನಲ್ಲಿ ಆ ದಾರಿಯೇ ಸರಿಯಾಗಿ ಆಗಿರಲಿಲ್ಲ. ವಾಸನೆಯೂ ತಲುಪಲಿಲ್ಲ, ಅವೂ ತಲುಪಲಿಲ್ಲ.

"ಹಾಗಾದ್ರೆ ಅವು ಎಲ್ಲಿ ಹೋದವು?"

"ಮಧ್ಯದಲ್ಲೆಲ್ಲೋ ನಿಂತುಬಿಟ್ಟವು."

ಅವನಿಗೆ ಇನ್ನೂ ಕೇಳುವುದಿತ್ತು. ದೊಡ್ಡಮ್ಮ ಗೊತ್ತುಮಾಡಿರುವ ಹೆಂಡತಿಯ ಆಪರೇಷನ್ನಿನ ವಿಷಯ ಹೇಳಿದ. ಮಕ್ಕಳಾಗದೇ ಇದ್ದದ್ದು ಇದರಿಂದಲೇ ಏನು ಎಂದು ಕೇಳಿದ. ಇದೊಂದೇ ಸಾಕಾಗಿತ್ತು ಎಂದರು ಅವರು. ಆ ಹಾರ್ಮೋನುಗಳನ್ನೇ ಸೂಜಿಯಲ್ಲಿ ಕೊಡಬಹುದು. ಗಂಡಸುತನ ಬರುತ್ತದೆ, ವರ್ಷ ಎರಡು ವರ್ಷದಲ್ಲಿ ಮಗುವೂ ಆಗಬಹುದು, ಖಾತ್ರಿ ಕೊಡಲಾರೆ. ವಾಸನೆ ಮಾತ್ರ ಬರುವುದಿಲ್ಲ. ಹೆಂಡತಿಯನ್ನು ಕೊಯ್ದು ನೋಡುವ ಮಾತು ಈಗ ಯಾರೂ ಎತ್ತಬಾರದು.

ಬಸ್ಸಿನಲ್ಲಿ ಮನೆ ತಲುಪುವವರೆಗೂ ಅವನ ಬೆರಳು ಮೂಗಿನ ಏಣನ್ನು ಸವರುತ್ತಲೇ ಇತ್ತು. ಅಪ್ಪನ ಮೂಗು ಹೊರಗಿನಿಂದ ಅಷ್ಟು ನಿಖರವಾಗಿ ಬಂದು ಒಳಗಿನ ದಾರಿ ಬಿಟ್ಟುಹೋಗಿದೆಯಲ್ಲ ಎಂದು ಅವನಿಗೆ ಆಶ್ಚರ್ಯ ತಡೆಯಲಾಗಲಿಲ್ಲ. ಮನೆಯಲ್ಲಿ ಹೆಂಡತಿಯನ್ನು ಕೂರಿಸಿ ಎಲ್ಲ ಹೇಳಿದ. ಗ್ರಂಥಿಯ ವಿಷಯ ಅವಳು ಕಣ್ಣರಳಿಸಿ ಕೇಳಿದಳು, ಎರಡೆರಡು ಸಲ ಕೇಳಿ ತಿಳಿದುಕೊಂಡಳು, ತನ್ನಲ್ಲಿ ಕೊರತೆಯಿಲ್ಲ ಎಂದು ಕೇಳಿ ಅತ್ತಳು. ಫೋನಿನ ವಿಷಯ ಬಂದಾಗ ಅವಳ ಮುಖ ಬದಲಾಯಿತು.

"ನನ್ನ ಹೊಟ್ಟೆ ಕೊಯ್ಯೋದಕ್ಕೆ ನೀವು ಹೂಂ ಅಂದ್ರಾ?"

ಅವನು ತಲೆ ತಗ್ಗಿಸಿದ. ನಿಮ್ಮ ದೇಹದ ಮೇಲೆ ನನಗೆ ಸಿಟ್ಟಿಲ್ಲ, ಅದು ನೀವು ಮಾಡಿದ್ದಲ್ಲ ಎಂದಳು. ಈ ಹೂಂ ನೀವು ಮಾಡಿದ್ದು. ನೀವೇ ಬಿಡಿಸಬೇಕು, ನಿಮ್ಮ ಹೆಸರಿನಲ್ಲಿ.

ಅವನು ಅಲ್ಲೇ ಎದ್ದು ದೊಡ್ಡಮ್ಮನಿಗೆ ಫೋನು ಮಾಡಿದ. ಗಾಬರಿಯಲ್ಲಿ ನಾನು ನಿಮ್ಮ ಮಗ ಎನ್ನುವುದೇ ಮರೆಯಿತು. ಅತ್ತಲಿಂದ ಏನಮ್ಮ ಎಂದಳು. ಸರಿಪಡಿಸಲು ಅದೇ ಸಮಯ, ಆದರೆ ಹಳೆಯ ಚಾಳಿ ಬಿಡಲಿಲ್ಲ. ಆಪರೇಷನ್ ಬೇಡ ದೊಡ್ಡಮ್ಮ, ನಾನು ಬರಲ್ಲ ಎಂದಷ್ಟೇ ಹೇಳಿದ. ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮಗು ಬೇಡ ಎನ್ನುವವಳು ಮದುವೆ ಯಾಕಾದೆ, ನನ್ನ ತಂಗಿಯ ಮಗನ ಬಾಳು ಹಾಳುಮಾಡಿದೆ ಎಂದು ಫೋನು ಕುಕ್ಕಿದಳು. ಪಕ್ಕದಲ್ಲೇ ನಿಂತಿದ್ದ ಹೆಂಡತಿಗೆ ಅಷ್ಟೂ ಕೇಳಿಸಿತು.

"ಈಗ ಬರಲ್ಲ ಅಂದವಳೂ ನಾನೇ ಆದೆ," ಎಂದಳು ಅವಳು, ಒಳಗೆ ಹೋದಳು.

ಅಂದಿನಿಂದ ಭಾನುವಾರದ ಫೋನು ನಿಂತಿತು. ದೊಡ್ಡಮ್ಮ ಸೊಸೆಯ ಮೇಲೆ ಮುನಿಸಿಕೊಂಡು, ಸಿಕ್ಕ ನೆಂಟರಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದಳು. ಅವನು ಒಂದು ಸಲ ಬಸ್ಸು ಹತ್ತಿ ಹೋಗಿ ಹೇಳಿ ಬರಬಹುದಿತ್ತು. ಹೋಗಲಿಲ್ಲ. ದನಿ ಸರಿಹೋಗಲಿ, ಆಗ ಗಟ್ಟಿಯಾಗಿ ಹೇಳುತ್ತೇನೆ ಎಂದು ಸಬೂಬು ಹೇಳಿಕೊಂಡ. ಹೆಂಡತಿ ಒತ್ತಾಯಿಸಲಿಲ್ಲ, ಆದರೆ ವಾಸನೆಗಳ ಆಟವನ್ನು ನಿಲ್ಲಿಸಿಬಿಟ್ಟಳು.

ಅವಳ ಹೊಟ್ಟೆಗೆ ಬರಬೇಕಿದ್ದ ಚಾಕು ತಪ್ಪಿ ಅವನ ಹೊಟ್ಟೆಗೆ ಸೂಜಿ ಬಂತು. ಬೆಳಿಗ್ಗೆ ಚರ್ಮ ಹಿಡಿದೆತ್ತಿ ತಾನೇ ಚುಚ್ಚಿಕೊಳ್ಳುತ್ತಿದ್ದ. ಡೇರಿಯಲ್ಲಿ ಅವನನ್ನು ಕ್ಯಾನು ತೊಳೆಯುವ ಯಂತ್ರಕ್ಕೆ ಹಾಕಿದ್ದರು. ಅಲ್ಲಿ ಮೂಗಿನ ಹಂಗಿಲ್ಲ. ಮೊದಲು ಏನೂ ಆಗಲಿಲ್ಲ. ಆಮೇಲೆ ಹಣೆಯ ತುಂಬ ಮೊಡವೆ. ಹಸಿವು. ಸಣ್ಣಪುಟ್ಟದ್ದಕ್ಕೆ ಸಿಟ್ಟು, ಒಮ್ಮೆ ಬಸ್ಸಿನ ಕಂಡಕ್ಟರನ ಜೊತೆ ಜಗಳವಾಡಿ ತನ್ನ ಧೈರ್ಯಕ್ಕೆ ತಾನೇ ಬೆಚ್ಚಿದ. ಮಾತಾಡಲು ಬಾಯಿ ತೆರೆದರೆ ಒಂದು ಪದ ಮೇಲಕ್ಕೆ, ಇನ್ನೊಂದು ಪದ ಕೆಳಕ್ಕೆ. ಗುಂಡಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ದಿನ ಬ್ಲೇಡು ಕೆನ್ನೆಯ ಮೇಲೆ ಕರಕರ ಎಂದು ಸಿಕ್ಕಿಕೊಂಡಿತು.

ಮತ್ತೊಂದು ಮಧ್ಯಾಹ್ನ ಹೆಂಡತಿ ತಲೆಗೆ ಎರೆದುಕೊಂಡು ಬಿಸಿಲಲ್ಲಿ ಕೂತು ಕೂದಲು ಬಿಡಿಸಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಇವನು ದಿನವೂ ನೋಡಿದ ಕತ್ತು ಅದು. ಅವತ್ತು ಅದನ್ನು ನೋಡಿ ಅವನ ಎದೆ ಧಸಕ್ಕೆಂದಿತು, ಬಾಯಿ ಒಣಗಿತು, ಮೆಟ್ಟಿಲ ಮೇಲೆ ಕೂತುಬಿಟ್ಟ. ಗೋಡೆಯ ಮರೆಯಲ್ಲಿ ಪಿಸುಗುಟ್ಟುತ್ತಿದ್ದ ಹುಡುಗರು ನೆನಪಾದರು. ಅವರು ನಾಟಕ ಆಡುತ್ತಿರಲಿಲ್ಲ. ಅದು ನಿಜವಾಗಿತ್ತು! ಹಾಗಾದರೆ ವಾಸನೆಯೂ ನಿಜವೇ. ಲೋಕದಲ್ಲಿ ಇನ್ನೂ ಏನೇನು ನಿಜವಿದೆಯೋ, ಇವಳು ಇಷ್ಟು ವರ್ಷ ಇಂಥದ್ದನ್ನು ಎದೆಯೊಳಗಿಟ್ಟುಕೊಂಡು ಪಕ್ಕದಲ್ಲಿ ಹೇಗೆ ಮಲಗಿದ್ದಳೋ ಎಂದು ಯೋಚಿಸಿ ಅವನಿಗೆ ದುಃಖ ಉಕ್ಕಿತು.

"ಯಾಕೆ ಹಾಗೆ ನೋಡ್ತಿದೀರಿ?" ಎಂದಳು ಅವಳು.

ಉತ್ತರ ಅವಳಿಗೇ ಗೊತ್ತಾಯಿತು, ಕಿವಿ ಕೆಂಪಾಯಿತು.

ಅದಾದ ಕೆಲವು ವಾರಗಳಿಗೆ ದೊಡ್ಡಮ್ಮನ ಮುನಿಸು ಇಳಿದಿರಬೇಕು, ಒಂದು ಭಾನುವಾರ ಫೋನು ಕೂಗಿತು. ಹೆಂಡತಿ ಇಸ್ತ್ರಿ ಮೇಜಿನ ಹತ್ತಿರ ಇದ್ದಳು. ಅವನು ಮೊದಲಿನಂತೆಯೇ ಓಡಿಹೋಗಿ ಎತ್ತಿಕೊಂಡು ಹಲೋ ಎಂದ.

"ಯಾರಪ್ಪ ಇದು? ನಮ್ಮ ಸೊಸೆ ಇಲ್ವಾ?"

"ದೊಡ್ಡಮ್ಮ, ನಾನು ನಿಮ್ಮ ಮಗ."

"ಶೀತ ಆಗಿದೆಯಾ?"

ಇಲ್ಲ ಎಂದ. ಆಮೇಲೆ ಅವನು ನಿಲ್ಲಿಸಲಿಲ್ಲ. ದೊಡ್ಡಮ್ಮನ ಕಿವಿಗೆ ಬೀಳಬೇಕೆಂದು ಗಟ್ಟಿಯಾಗಿ, ಪಿಟ್ಯುಟರಿಯಿಂದ ಹಿಡಿದು ಬಾಲ್ಯದ ಚಮಚದವರೆಗೆ ಎಲ್ಲ ಹೇಳಿದ. ಕೊರತೆ ಇದ್ದದ್ದು ತನ್ನಲ್ಲಿ, ಅವಳಲ್ಲಿ ಏನೂ ಇಲ್ಲ. ಬರಲ್ಲ ಎಂದದ್ದೂ ತಾನೇ. ಹೂಂ ಎಂದದ್ದೂ ತಾನೇ.

"ಇಷ್ಟು ವರ್ಷ ನೀವು ಕೇಳ್ತಿದ್ದದ್ದು ಅವಳನ್ನಲ್ಲ ದೊಡ್ಡಮ್ಮ, ನನ್ನನ್ನ. ಕೇಳಬೇಕಾದವನನ್ನೇ ಕೇಳ್ತಿದ್ರಿ. ನಾನು ಹೇಳಲಿಲ್ಲ, ಅಷ್ಟೇ."

ಇಸ್ತ್ರಿ ಪೆಟ್ಟಿಗೆಯ ಸದ್ದು ನಿಂತಿತ್ತು. ಅತ್ತ ದೊಡ್ಡಮ್ಮ ಮೂಗೆಳೆದುಕೊಳ್ಳುವುದು ಕೇಳಿಸಿತು. ಆಮೇಲೆ ಅವಳು ಒಂದೇ ಮಾತು ಹೇಳಿದಳು, ಫೋನು ಅವಳಿಗೆ ಕೊಡು.

ಅವನು ಕೊಟ್ಟ. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡು ಹಲೋ ಎಂದಳು. ಸದಾ ಗುಡುಗುತ್ತಿದ್ದ ದೊಡ್ಡಮ್ಮನ ದನಿ ಈಗ ಹೆದರಿ ಹೆದರಿ ಬಂತು.

"ಮಾತಾಡ್ತಿರೋದು ನೀನೇ ತಾನೇ?"

"ನಾನೇ ಅತ್ತೆ," ಎಂದಳು ಅವಳು, ಕುರ್ಚಿ ಎಳೆದುಕೊಂಡು ಕೂತಳು.